ಮುಷ್ಟಿಯುದ್ಧ: ಜಟ್ಟಿಗಳ ಕಾಳಗವೂ ತೂಕದ ಪಂದ್ಯವೂ

ಮುಷ್ಟಿಯುದ್ಧವೆಂದೊಡನೆ ನಮ್ಮ ಜನರಲ್ಲಿ ಅನೇಕರು ಅದನ್ನು ಪರದೇಶದಿಂದ ಬಂದ ಒರಟು ಆಟವೆಂದು ತಿಳಿಯುವುದುಂಟು. ಹೆಣ್ಣುಮಕ್ಕಳು ಓಟ, ಖೋ-ಖೋ, ಥ್ರೋಬಾಲ್ ಮುಂತಾದ ಆಟಗಳನ್ನು ಆಡುವುದಕ್ಕೆ ಈಗ ತಂದೆತಾಯಿಗಳು ಅಡ್ಡಿ ಹೇಳುವುದು ಅಪರೂಪ. ಆದರೆ ಹುಡುಗಿಯೊಬ್ಬಳು ಕೈಗವುಸು ತೊಟ್ಟು ಮುಷ್ಟಿಯ ಕಣಕ್ಕೆ ಇಳಿಯುವೆನೆಂದರೆ ಮನೆಯಲ್ಲಿ ಗದ್ದಲವೇ ಆಗುವುದು. ಹಲ್ಲು ಮುರಿದರೆ ಏನು ಗತಿ, ಮುಖ ಕೆಟ್ಟರೆ ನಾಳೆ ಮದುವೆಯ ಮಾತಿಗೆ ಯಾರು ಬರುವರು, ತಲೆಗೆ ಪೆಟ್ಟು ಬಿದ್ದರೆ ಓದು ಏನಾಗುವುದು ಎಂಬ ಪ್ರಶ್ನೆಗಳು ಏಳುವುವು. ಇವನ್ನು ಹಗುರವಾಗಿ ತಳ್ಳಿಹಾಕಲು ನಾವು ಸಿದ್ಧರಿಲ್ಲ. ಇವುಗಳಲ್ಲಿ ಕಡೆಯದಂತೂ ಬಹಳ ತೂಕದ ಪ್ರಶ್ನೆ. ಆದರೆ ಉತ್ತರ ಹೇಳುವ ಮೊದಲು ಆ ವಿದ್ಯೆಯ ಚರಿತ್ರೆಯನ್ನು ಅರಿಯಬೇಕಷ್ಟೆ. ಅರಿಯಹೊರಟರೆ ಮೊದಲು ತಿಳಿಯುವುದು ಇದು: ಮುಷ್ಟಿಯುದ್ಧವು ನಮಗೆ ಹೊರಗಿನದಲ್ಲ. ಕನ್ನಡನಾಡಿನ ಅರಮನೆಗಳ ಅಂಗಳದಲ್ಲಿ ಅದು ನೂರಾರು ವರ್ಷ ಬಾಳಿದೆ, ಮೈಸೂರಿನಲ್ಲಿ ಇಂದಿಗೂ ವರ್ಷಕ್ಕೊಂದು ದಿನ ಉಸಿರಾಡುತ್ತಿದೆ.

ಕಲ್ಯಾಣದ ಚಾಲುಕ್ಯ ಅರಸರ ಬಿರುದುಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಚರಿತ್ರೆಯ ತರಗತಿಯಲ್ಲಿ ಬಾಯಿಪಾಠ ಮಾಡಿರಬಹುದು. ಒಂದನೆಯ ಸೋಮೇಶ್ವರನು ಆಹವಮಲ್ಲ. ಅವನ ಮಗ ಆರನೆಯ ವಿಕ್ರಮಾದಿತ್ಯನು ತ್ರಿಭುವನಮಲ್ಲ. ಮೊಮ್ಮಗ ಮೂರನೆಯ ಸೋಮೇಶ್ವರನು ಭೂಲೋಕಮಲ್ಲ. ಮಲ್ಲನೆಂಬುದು ಅರಸನು ಹೆಮ್ಮೆಯಿಂದ ಧರಿಸತಕ್ಕ ಹೆಸರಾಗಿದ್ದ ಕಾಲವದು. ಈ ಭೂಲೋಕಮಲ್ಲನೇ ಸುಮಾರು 1129ರಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜ್ಯಭಾರ, ಅಡಿಗೆ, ಸಂಗೀತ, ಆನೆಯ ಶಿಕ್ಷಣ, ಚಿತ್ರಕಲೆ, ಹೀಗೆ ಅರಸನಿಗೆ ಬೇಕಾದ ವಿಷಯಗಳೆಲ್ಲ ಅದರಲ್ಲಿ ಅಡಕವಾಗಿರುವುವು. ಅದರ ವಿನೋದಗಳ ಭಾಗದಲ್ಲಿ ಮಲ್ಲವಿನೋದವೆಂಬ ಪ್ರಕರಣವೂ ಒಂದು.

ಆ ಪ್ರಕರಣವನ್ನು ಕುರಿತು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಏಕೆಂದರೆ ಇಂದಿನ ವ್ಯಾಯಾಮಶಾಲೆಯವರು ಹೊಸದೆಂದು ಹೇಳುವ ಅನೇಕ ಸಂಗತಿಗಳು ಅಲ್ಲಿ ಆಗಲೇ ಇವೆ. ಮಲ್ಲರನ್ನು ಅವರ ಮೈಕಟ್ಟು, ಬಲ, ವಿದ್ಯೆ ಇವುಗಳನ್ನು ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿದೆ. ಅವರಿಗೆ ಉದ್ದು, ಹಾಲು, ಮೊಸರು, ತುಪ್ಪ ಮುಂತಾದ ಪುಷ್ಟಿಯ ಆಹಾರವನ್ನು ಅರಮನೆಯಿಂದಲೇ ಒದಗಿಸಬೇಕೆಂದಿದೆ. ಅಭ್ಯಾಸಕ್ಕೆ ಶ್ರಮವೆಂದು ಹೆಸರು. ಭಾರವನ್ನೆತ್ತುವುದು ಭಾರಶ್ರಮ, ನಡೆದು ತಿರುಗುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ಬರಿಯ ತೋಳಬಲವನ್ನೇ ನಂಬಿ ಕುಳಿತವರಲ್ಲ ಅವರು. ಉಸಿರು, ಕಾಲು, ಬೆನ್ನು ಎಲ್ಲಕ್ಕೂ ಬೇರೆ ಬೇರೆ ದಾರಿಯಿಂದ ದುಡಿಮೆ ಕೊಟ್ಟಿರುವುದು ಈ ಹೆಸರುಗಳಿಂದಲೇ ತಿಳಿಯುತ್ತದೆ. ಹುಡುಗರು ಸೈನ್ಯಕ್ಕೆ ಸೇರುವ ಮುಂಚೆ ಕೆರೆಯ ಏರಿಯ ಮೇಲೆ ಮುಂಜಾನೆ ಓಡುವುದನ್ನು ನಮ್ಮ ಹಿರಿಯೂರಿನ ಸೀಮೆಯವರು ಕಂಡಿರುವರಲ್ಲವೆ? ಅದೂ ಭ್ರಮಣಶ್ರಮವೇ.

ಜ್ಯೇಷ್ಠಿ ಎಂಬ ಮಾತೇ ಜನರ ಬಾಯಲ್ಲಿ ಜಟ್ಟಿಯಾಯಿತೆಂದು ಬಲ್ಲವರು ಹೇಳುವರು. ಈಗ ಜಟ್ಟಿಯೆಂದರೆ ಕುಸ್ತಿಯವನು ಯಾವನಾದರೂ ಆದೀತು. ಆದರೆ ಮೂಲದಲ್ಲಿ ಅದು ಒಂದು ಮನೆತನದ, ಕುಲದ ಹೆಸರು. ಗುಜರಾತಿನ ಮೊಢೇರದ ಕಡೆಯ ಜ್ಯೇಷ್ಠಿಮಲ್ಲರಿಗೆ ‘ಮಲ್ಲಪುರಾಣ’ವೆಂಬ ತಮ್ಮದೇ ಆದ ಪುರಾಣವುಂಟು. ಅದನ್ನು ಬಿ. ಜೆ. ಸಾಂಡೇಸರ, ಆರ್. ಎನ್. ಮೆಹತಾ ಎಂಬ ವಿದ್ವಾಂಸರು 1964ರಲ್ಲಿ ಬರೋಡದಿಂದ ಅಚ್ಚು ಹಾಕಿಸಿದರು. ಈ ಕುಲದವರ ದೇವತೆ ಲಿಂಬಜಾದೇವಿ. ನಮ್ಮ ಕಡೆಯ ಜಟ್ಟಿಗಳು ನಿಂಬಜಾದೇವಿಯೆನ್ನುವರು. ಒಂದೇ ದೇವತೆ, ಒಂದೇ ವೃತ್ತಿ, ಎರಡು ದೂರದ ನಾಡುಗಳು! ಇವರಿಗೆ ಕಾಳಗದ ಜತೆಗೆ ಇನ್ನೊಂದು ಕೆಲಸವೂ ಇದ್ದಿತು. ಎಣ್ಣೆ ನೀವಿ ನರನೋವುಗಳನ್ನು ಇಳಿಸುವುದರಲ್ಲಿ ಅವರು ಹೆಸರಾಗಿದ್ದರು. ಪೆಟ್ಟು ಕೊಡಬಲ್ಲವನೇ ಪೆಟ್ಟಿಗೆ ಮದ್ದನ್ನೂ ಬಲ್ಲವನಾಗಿದ್ದನೆಂಬುದು ನಮಗೆ ಬಹಳ ಹಿಡಿಸಿದ ಸಂಗತಿ.

ವಿಜಯನಗರದ ಕಾಲಕ್ಕೆ ಬರೋಣ. ಕೃಷ್ಣದೇವರಾಯನು ಆಳುತ್ತಿದ್ದಾಗ, ಎಂದರೆ 1520ರ ಸುಮಾರಿಗೆ, ಡೊಮಿಂಗೋ ಪಾಯೆಸ್ ಎಂಬ ಪೋರ್ಚುಗೀಸನು ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡು ಬರೆದಿಟ್ಟನು. ಅರಸನ ಸಮ್ಮುಖದಲ್ಲಿ ಮಲ್ಲರು ಕಾದುತ್ತಿದ್ದರು. ತಮ್ಮ ದೇಶದ ಕುಸ್ತಿಯಂತೆ ಇದು ಬರಿಯ ಹಿಡಿದು ಕೆಡಹುವ ಆಟವಲ್ಲವೆಂದೂ, ಇದರಲ್ಲಿ ಹೊಡೆತಗಳು ಬೀಳುವುವೆಂದೂ, ಹಲ್ಲು ಉದುರಿ ಕಣ್ಣು ಹೋಗುವಷ್ಟು ಆ ಹೊಡೆತಗಳು ಬಲವಾಗಿರುವುವೆಂದೂ, ಮಾತು ನಿಂತುಹೋದವರನ್ನು ಅವರ ಗೆಳೆಯರು ಹೊತ್ತುಕೊಂಡು ಹೋಗುವರೆಂದೂ ಅವನು ಹೇಳಿರುವನು. ಈ ಭಾಗವನ್ನು ಎಲ್ಲರೂ ಉಲ್ಲೇಖಿಸುವರು. ಅದರ ಮುಂದಿನ ಮಾತನ್ನು ಮಾತ್ರ ಬಹಳ ಮಂದಿ ಬಿಟ್ಟುಬಿಡುವರು. ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರೆಂದು ಅವನು ಹೇಳುವನು. ಇಬ್ಬರನ್ನೂ ಕಣದಲ್ಲಿ ಸರಿಸಮನಾಗಿ ನಿಲ್ಲಿಸುವುದೂ, ಗೆದ್ದವನಿಗೆ ಸಲ್ಲತಕ್ಕ ಮರ್ಯಾದೆಯನ್ನು ನಿಶ್ಚಯಿಸುವುದೂ ಅವರ ಕೆಲಸವಾಗಿತ್ತು.

ಸರಿಸಮನಾಗಿ ನಿಲ್ಲಿಸುವುದು! ಮುಷ್ಟಿಯುದ್ಧವೆಂಬ ವಿದ್ಯೆಯು ಬೀದಿಯ ಜಗಳದಿಂದ ಬೇರೆಯಾಗುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಬೀದಿಯಲ್ಲಿ ಬಲಿಷ್ಠನು ದುರ್ಬಲನನ್ನು ಹುಡುಕಿ ಹೊಡೆಯುವನು. ಕಣದಲ್ಲಿ ಹೊಡೆಯುವುದಕ್ಕೆ ಮುಂಚೆ ಸಮನಾದವನನ್ನು ಹುಡುಕಿಕೊಡುವವನೊಬ್ಬನು ಇರಬೇಕು. ಸಾಕೆಂದು ಹೇಳಿ ನಿಲ್ಲಿಸುವವನೊಬ್ಬನು ಇರಬೇಕು. ಈ ಎರಡನ್ನು ಬೇರೆ ಬೇರೆ ಕಾಲದವರು ಹೇಗೆ ಏರ್ಪಡಿಸಿಕೊಂಡರೆಂದು ನೋಡಿದರೆ ಈ ಆಟದ ಚರಿತ್ರೆಯೆಲ್ಲ ತಿಳಿದಂತೆಯೇ.

ಮೈಸೂರಿನ ವಜ್ರಮುಷ್ಟಿ ಕಾಳಗವನ್ನು ಈ ದೃಷ್ಟಿಯಿಂದ ನೋಡಬೇಕು. ವಿಜಯದಶಮಿಯ ದಿನ ಅಂಬಾವಿಲಾಸ ಅರಮನೆಯ ಒಳ ಅಂಗಳದಲ್ಲಿ, ರಾಜವಂಶದವರ ಸಮ್ಮುಖದಲ್ಲಿ, ಕೆಂಪು ಮಣ್ಣಿನ ಕಣದೊಳಗೆ ಎರಡು ಜೋಡಿ ಜಟ್ಟಿಗಳು ಇಳಿಯುವರು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರ ಈ ಊರುಗಳ ಜಟ್ಟಿ ಮನೆತನಗಳಿಂದ ಅವರನ್ನು ಆರಿಸುವರು. ತಲೆ ಬೋಳಿಸಿರುವುದು, ಬಲಗೈಯಲ್ಲಿ ವಜ್ರಮುಷ್ಟಿ. ಉಸ್ತಾದರು ಅನುಮತಿ ಕೊಟ್ಟೊಡನೆ ಕಾಳಗ ಮೊದಲಾಗುವುದು; ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಮುಗಿಯುವುದು. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಇದಾದ ಮೇಲೆಯೇ ಅರಮನೆಯ ವಿಜಯಯಾತ್ರೆ ಹೊರಡುವುದು. ಜಂಬೂಸವಾರಿಯನ್ನು ನೋಡಲು ಲಕ್ಷಾಂತರ ಜನ ಬೀದಿಯಲ್ಲಿ ಕಾದಿರುವಾಗ, ಅದಕ್ಕಿಂತ ಹಳೆಯದಾದ ಈ ಕಾಳಗವು ಒಳಗೆ ಸದ್ದಿಲ್ಲದೆ ನಡೆದುಹೋಗಿರುವುದು.

ಆ ಆಯುಧವು ಹೇಗಿತ್ತೆಂಬುದನ್ನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಿಂದ 1817ರ ವರೆಗೆ ಪ್ರಕಟಿಸಿದ ತನ್ನ ಮೈಸೂರಿನ ಇತಿಹಾಸದಲ್ಲಿ ವಿವರಿಸಿರುವನು. ಎಮ್ಮೆಯ ಕೊಂಬಿನಿಂದ ಮಾಡಿ ಮುಷ್ಟಿಯೊಳಗೆ ಹಿಡಿಯುವಂತೆ ಹೊಂದಿಸಿದ್ದು ಅದು. ಬೆರಳ ಗೆಣ್ಣುಗಳಂತೆ ಚೂಪಾದ ನಾಲ್ಕು ಮೊನೆಗಳು, ಕಿರುಬೆರಳಿನ ಕಡೆಗೆ ಅಡ್ಡಲಾಗಿ ಐದನೆಯದೊಂದು. ಪ್ರಾಚೀನ ರೋಮನರ ಮುಷ್ಟಿಕರು ಕೈಗೆ ಕಟ್ಟಿಕೊಳ್ಳುತ್ತಿದ್ದ ಆಯುಧವನ್ನು ಅವನು ಇದಕ್ಕೆ ಹೋಲಿಸಿದ್ದಾನೆ. ಅದೇ ಜಟ್ಟಿಗಳನ್ನು ಟೀಪೂ ಸುಲ್ತಾನನ ಕಾಲದಲ್ಲಿ ಮರಣದಂಡನೆಯನ್ನು ನಡೆಸುವುದಕ್ಕೂ ಉಪಯೋಗಿಸುತ್ತಿದ್ದುದುಂಟು. ಇದನ್ನು ಮುಚ್ಚಿಟ್ಟು ಜಟ್ಟಿಗಳ ಶೌರ್ಯವನ್ನು ಮಾತ್ರ ಹೊಗಳುವ ಲೇಖನಗಳನ್ನು ನಾವು ಓದಿದ್ದೇವೆ; ಅದು ಚರಿತ್ರೆಯಲ್ಲ. ಕೈಯ ಬಲವನ್ನು ಅರಸನ ಅಧೀನಕ್ಕೆ ಕೊಟ್ಟವನಿಗೆ ಆ ಕೈಯಿಂದ ಆಗುವ ಕೆಲಸದಲ್ಲಿ ಆಯ್ಕೆಯಿರಲಿಲ್ಲ.

ವಜ್ರಮುಷ್ಟಿಯಲ್ಲಿ ನಮಗೆ ಮೆಚ್ಚಿಗೆಯಾಗುವುದು ಅದರ ನಿಲುಗಡೆ. ಮೊದಲ ರಕ್ತಕ್ಕೆ ನಿಲ್ಲಬೇಕು. ಬಿದ್ದವನನ್ನು ಮತ್ತೆ ಹೊಡೆಯುವ ಮಾತಿಲ್ಲ. ಮೆಚ್ಚಿಗೆಯಾಗದಿರುವುದು, ಗುರಿಯೇ ತಲೆಯಾಗಿರುವುದು. ಮೇಲಾಗಿ ಆ ಕಣವು ಮನೆತನಕ್ಕೆ ಮಾತ್ರ ತೆರೆದದ್ದು. ಹೊರಗಿನ ಹುಡುಗನು ಎಷ್ಟೇ ಬಲಿಷ್ಠನಾಗಿರಲಿ ಅದರೊಳಗೆ ಅವನಿಗೆ ಸ್ಥಳವಿಲ್ಲ, ಹುಡುಗಿಯ ಮಾತಂತೂ ದೂರವೇ ಉಳಿಯಿತು.

ಹಳ್ಳಿಯ ಗರಡಿಯು ಇದಕ್ಕಿಂತ ವಿಶಾಲವಾದ ಬಾಗಿಲುಳ್ಳದ್ದು. ಚಿತ್ರದುರ್ಗದ ಕೋಟೆಗೆ ಹೋದವರಿಗೆ ಅಲ್ಲಿ ಪಾಳೆಯಗಾರರ ಕಾಲದ ಗರಡಿಯ ಮನೆಯೆಂದು ಒಂದು ಸ್ಥಳವನ್ನು ತೋರಿಸುವರು. ಗರಡಿಯ ಮಟ್ಟಿ, ದಂಡ, ಬಸ್ಕಿ, ಗದೆ ಇವು ನಮ್ಮ ಓದುಗರಿಗೆ ಹೊಸ ಮಾತುಗಳಲ್ಲ. ಮನೆಯ ಅಜ್ಜನೋ ಸೋದರಮಾವನೋ ಒಂದು ಕಾಲದಲ್ಲಿ ಲಂಗೋಟಿ ಬಿಗಿದವರೇ ಆಗಿರಬಹುದು. ಗರಡಿಯಲ್ಲಿ ಮುಷ್ಟಿಯಿಲ್ಲ, ಪಟ್ಟುಗಳಷ್ಟೇ ಉಂಟು. ಆದರೆ ‘ಜೋಡಿ ಕಟ್ಟುವುದು’ ಎಂಬೊಂದು ಪದ್ಧತಿ ಅಲ್ಲಿದೆ. ಪಂದ್ಯಕ್ಕೆ ಕೆಲವು ದಿನ ಮೊದಲು ಪೈಲ್ವಾನರನ್ನು ಹಿರಿಯರ ಎದುರಿಗೆ ನಿಲ್ಲಿಸಿ, ಮೈಕಟ್ಟು, ವಯಸ್ಸು, ಹಿಂದಿನ ಗೆಲುವು ಇವನ್ನು ನೋಡಿ, ಇವನಿಗೆ ಇವನೆಂದು ಗೊತ್ತುಮಾಡುವರು. ಮೈಸೂರು ದಸರೆಯ ಕುಸ್ತಿಗೆ ಇಂದಿಗೂ ಹೀಗೆ ಜೋಡಿ ಕಟ್ಟುವರು. ಪಾಯೆಸನು ಕಂಡ ತೀರ್ಪುಗಾರರು ಮಾಡುತ್ತಿದ್ದುದೂ ಪ್ರಾಯಶಃ ಇಂಥದ್ದೇ. ಅನುಭವಿಯ ಕಣ್ಣೇ ಇಲ್ಲಿ ತಕ್ಕಡಿ.

ಕಣ್ಣಿನ ತಕ್ಕಡಿಗೆ ಬದಲಾಗಿ ನಿಜವಾದ ತಕ್ಕಡಿಯನ್ನು ತಂದವರು ಇಂಗ್ಲೆಂಡಿನವರು. ಅವರಲ್ಲಿಯೂ ಮೊದಲು ಬರಿಗೈಯ ಹೊಡೆದಾಟವೇ ಇದ್ದಿತು, ಅದೂ ಹಣ ಪಣವಾಗಿಟ್ಟು. ಜ್ಯಾಕ್ ಬ್ರೌಟನ್ ಎಂಬ ಪ್ರಸಿದ್ಧ ಮುಷ್ಟಿಕನು, ತನ್ನ ಎದುರಾಳಿಯೊಬ್ಬನು ಪೆಟ್ಟಿನಿಂದ ಸತ್ತುದಕ್ಕಾಗಿ ನೊಂದು, 1743ರಲ್ಲಿ ಮೊದಲ ನಿಯಮಗಳನ್ನು ಮಾಡಿದನೆಂದು ಹೇಳುವರು. ಬಿದ್ದವನನ್ನು ಹೊಡೆಯಕೂಡದು, ಸೊಂಟದ ಕೆಳಗೆ ಹಿಡಿಯಕೂಡದು ಎಂಬುವು ಅವುಗಳಲ್ಲಿ ಮುಖ್ಯ. 1867ರ ಕ್ವೀನ್ಸ್‌ಬರಿ ನಿಯಮಗಳಿಂದ ಕೈಗವುಸು, ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷದ ವಿಶ್ರಾಂತಿ, ಬಿದ್ದವನು ಏಳುವುದಕ್ಕೆ ಹತ್ತು ಸೆಕೆಂಡಿನ ಎಣಿಕೆ ಇವು ಬಂದುವು. ಕ್ರಮೇಣ ಮೈತೂಕದ ವರ್ಗಗಳೂ ನೆಲೆಗೊಂಡುವು. 1904ರಲ್ಲಿ ಈ ಆಟವು ಒಲಿಂಪಿಕ್ ಕೂಟಕ್ಕೆ ಸೇರಿತು; 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಮಾತ್ರ ನಡೆಯಲಿಲ್ಲ. ಸ್ವೀಡನ್ ದೇಶದ ಕಾಯಿದೆಯೇ ಅದನ್ನು ನಿಷೇಧಿಸಿತ್ತು! ನಮ್ಮ ತಂದೆತಾಯಿಗಳ ಸಂಶಯವು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲವೆಂದು ಇದರಿಂದ ತಿಳಿಯಬಹುದು.

ತೂಕದ ವರ್ಗಗಳಲ್ಲಿ ಮಧ್ಯಮ ತೂಕವೆಂಬುದು ನೋಡತಕ್ಕವರಿಗೆ ಬಹಳ ಪ್ರಿಯವಾದದ್ದು. 1952ರಿಂದ ಒಲಿಂಪಿಕ್ ಪಂದ್ಯಗಳಲ್ಲಿ ಅದರ ಮೇಲಿನ ಮಿತಿ ಬಹುಕಾಲ 75 ಕಿಲೋಗ್ರಾಂ ಇದ್ದಿತು. ಭಾರಿ ತೂಕದವನ ಏಟಿನ ಬಲವೂ ಹಗುರ ತೂಕದವನ ಕಾಲಿನ ಚುರುಕೂ ಇದರಲ್ಲಿ ಕೂಡಿಬರುವುದೆಂದು ಬಲ್ಲವರ ಮತ. ಆ 1952ರ ಕೂಟವು ನಡೆದದ್ದು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. ಅಲ್ಲಿ ಅಮೆರಿಕದ ಫ್ಲಾಯ್ಡ್ ಪ್ಯಾಟರ್ಸನ್ ಹದಿನೇಳರ ಹರೆಯದಲ್ಲಿಯೇ ಈ ವರ್ಗದ ಚಿನ್ನವನ್ನು ಪಡೆದನು. ಅದೇ ಕೂಟದಲ್ಲಿ ನಮ್ಮ ದೇಶದ ಖಾಶಾಬಾ ಜಾಧವರು ಕುಸ್ತಿಯಲ್ಲಿ ಕಂಚನ್ನು ಗಳಿಸಿದರು. ಹೆಲ್ಸಿಂಕಿಯ ಜನರಿಗೆ ಮನೆಯ ಹುಡುಗನೊಬ್ಬನ ಗೆಲುವೂ ದೊರೆಯಿತು. ಪೆಂಟಿ ಹಮಲೈನೆನ್ ಎಂಬವನು ಬ್ಯಾಂಟಮ್ ತೂಕದಲ್ಲಿ ಚಿನ್ನ ಗೆದ್ದನು.

ಫಿನ್ಲೆಂಡಿನ ಮಧ್ಯಮ ತೂಕದವರಲ್ಲಿ ರೈಮಾ ವಿರ್ತಾನೆನ್ ಎಂಬವನ ಕಥೆಯನ್ನು ಇಲ್ಲಿ ಹೇಳಲೇಬೇಕು. 1972ರಲ್ಲಿ ಮ್ಯೂನಿಕ್ ಕೂಟದ ಸೆಮಿಫೈನಲಿನಲ್ಲಿ ಅವನು ಘಾನಾ ದೇಶದ ಪ್ರಿನ್ಸ್ ಅಮಾರ್ಟೆಯನ್ನು ಸೋಲಿಸಿ ಕಡೆಯ ಪಂದ್ಯಕ್ಕೆ ಬಂದನು. ಅಲ್ಲಿ ಎದುರಿಗೆ ಬಂದವನು ಸೋವಿಯೆಟ್ ದೇಶದ ವ್ಯಾಚೆಸ್ಲಾವ್ ಲೆಮೆಶೆವ್. ಇಪ್ಪತ್ತು ವರ್ಷದ ತರುಣ. ಒಂದನೆಯ ಸುತ್ತಿನಲ್ಲಿಯೇ ವಿರ್ತಾನೆನ್ ನೆಲಕ್ಕುರುಳಿದನು, ಪಂದ್ಯ ಮುಗಿಯಿತು. ಅವನಿಗೆ ಬೆಳ್ಳಿ. ವರ್ಷಗಟ್ಟಲೆ ದುಡಿದವನ ಕಡೆಯ ಪಂದ್ಯವು ಮೂರು ನಿಮಿಷವನ್ನೂ ತುಂಬಲಿಲ್ಲ. ತೂಕವು ಸಮ, ಕೈಗವುಸು ಸಮ, ನಿಯಮವೂ ಸಮ. ಆದರೂ ಕೈಗಳು ಸಮವಲ್ಲ! ತಕ್ಕಡಿಯು ಅಳೆಯಲಾರದ್ದನ್ನು ಅಳೆಯುವುದಕ್ಕಾಗಿಯೇ ಪಂದ್ಯವಿರುವುದು. ಅವನು ಬಿದ್ದ ಮೇಲೆ ಯಾರೂ ಅವನನ್ನು ಹೊಡೆಯಲಿಲ್ಲವೆಂಬುದನ್ನೂ, ಎಣಿಸುವವನೊಬ್ಬನು ನಡುವೆ ನಿಂತಿದ್ದನೆಂಬುದನ್ನೂ ಗಮನಿಸಬೇಕು. 1978ರಲ್ಲಿ ಬೆಲ್‌ಗ್ರೇಡಿನ ವಿಶ್ವಕೂಟದಲ್ಲಿ ಇದೇ ವರ್ಗದ ಬೆಳ್ಳಿಯು ಮತ್ತೆ ಫಿನ್ಲೆಂಡಿಗೇ ಸಂದಿತು. ಪಡೆದವನು ತಾರ್ಮೋ ಊಸಿವಿರ್ತಾ. ಅದೇ ಕಾಲದಲ್ಲಿ ನಮ್ಮ ಕೊಡವ ಮನೆತನದ ಚೇನಂಡ ಮಾಚಯ್ಯನವರಿಗೆ ಮುಷ್ಟಿಯುದ್ಧಕ್ಕಾಗಿ 1978-79ರ ಸಾಲಿನ ಅರ್ಜುನ ಪ್ರಶಸ್ತಿ ಲಭಿಸಿತೆಂಬುದನ್ನು ಕನ್ನಡಿಗರು ಮರೆತಿರುವರೋ ಏನೋ. ಹಾಕಿ ಆಡುವವರನ್ನು ಕೊಡಗು ಕೊಟ್ಟಿತೆಂದು ಎಲ್ಲರೂ ಬಲ್ಲರು, ಮುಷ್ಟಿಕನನ್ನೂ ಕೊಟ್ಟಿತು.

ಇನ್ನು ತಾಯಂದಿರ ಪ್ರಶ್ನೆಗೆ ಬರೋಣ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಮಿದುಳಿಗೆ ಕೇಡಾಗುವುದು ನಿಜವೇ? ನಿಜ. 1928ರಲ್ಲಿಯೇ ಹ್ಯಾರಿಸನ್ ಮಾರ್ಟ್ಲೆಂಡ್ ಎಂಬ ಅಮೆರಿಕದ ವೈದ್ಯನು, ವರ್ಷಗಟ್ಟಲೆ ಹಣಕ್ಕಾಗಿ ಕಾದಿದ ಮುಷ್ಟಿಕರಲ್ಲಿ ಕೆಲವರು ಕುಡಿದವರಂತೆ ತಡವರಿಸಿ ನಡೆಯುವುದನ್ನೂ, ಮಾತು ಜಡವಾಗುವುದನ್ನೂ ವರ್ಣಿಸಿದನು. ತರುವಾಯ ನಡೆದ ಶೋಧನೆಗಳಿಂದ ಈ ಸಂಶಯ ಬಲವಾಯಿತೇ ಹೊರತು ಕರಗಲಿಲ್ಲ. ತಲೆಗವುಸಿನಿಂದ ಚರ್ಮ ಹರಿಯುವುದು ಕಡಮೆಯಾಗುವುದು. ಮಿದುಳು ಅಲುಗುವುದನ್ನು ಅದು ತಡೆಯಲಾರದು. 2013ರಿಂದ ಗಂಡಸರ ಮೇಲ್ಮಟ್ಟದ ಪಂದ್ಯಗಳಲ್ಲಿ ತಲೆಗವುಸನ್ನು ತೆಗೆದುಹಾಕಿದರು. 2024ರ ಪ್ಯಾರಿಸ್ ಕೂಟದಲ್ಲಿಯೂ ಹೆಂಗಸರು ಅದನ್ನು ತೊಟ್ಟೇ ಆಡಿದರು. ಒಂದೇ ಆಟಕ್ಕೆ ಎರಡು ನ್ಯಾಯವೇಕೆಂದು ವಿದ್ಯಾರ್ಥಿನಿಯರು ಕೇಳಬಹುದು. ತಲೆಗವುಸಿದ್ದರೆ ಆಟಗಾರನು ತಲೆಯನ್ನು ಕಾಯುವುದರಲ್ಲಿ ಅಸಡ್ಡೆ ಮಾಡುವನೆಂದು ತೆಗೆದವರ ವಾದ. ಆ ವಾದವು ನಮ್ಮನ್ನು ಪೂರ್ತಿ ಒಪ್ಪಿಸಿಲ್ಲ.

ಹೆಂಗಸರಿಗೆ ಈ ಕಣದ ಬಾಗಿಲು ತೆರೆದದ್ದು ತೀರ ಈಚೆಗೆ. ಅವರ ಮೊದಲ ವಿಶ್ವಕೂಟ ನಡೆದದ್ದು 2001ರಲ್ಲಿ. ಅದರಲ್ಲಿ ಬೆಳ್ಳಿ ಪಡೆದ ಮಣಿಪುರದ ಮೇರಿ ಕೋಮ್ ಮುಂದೆ ಆರು ಸಲ ವಿಶ್ವವಿಜಯಿಯಾದರು. ಒಲಿಂಪಿಕ್ ಕೂಟಕ್ಕೆ ಹೆಂಗಸರನ್ನು ಸೇರಿಸಿಕೊಂಡದ್ದು 2012ರಲ್ಲಿ, ಗಂಡಸರಿಗಿಂತ ನೂರೆಂಟು ವರ್ಷ ತಡವಾಗಿ. ಆಗ ತಾಯಿಯಾಗಿದ್ದ ಮೇರಿ ಕೋಮರಿಗೆ ಕಂಚು ದೊರೆಯಿತು. ಫಿನ್ಲೆಂಡಿನ ಮೀರಾ ಪೊಟ್ಕೊನೆನ್ ಎಂಬಾಕೆಯ ಸಂಗತಿಯೂ ಇಂಥದ್ದೇ. ಎರಡು ಹೆಣ್ಣುಮಕ್ಕಳ ತಾಯಿಯಾದ ಈಕೆ ಕೈಗವುಸು ತೊಟ್ಟದ್ದು ತಾಯಿಯಾದ ಮೇಲೆ, ಮೈಯ ತೂಕ ಇಳಿಸಿಕೊಳ್ಳಬೇಕೆಂದು. 2016ರಲ್ಲಿ ರಿಯೋ ನಗರದಲ್ಲಿ, ಹಿಂದಿನ ಕೂಟದ ಚಿನ್ನ ಗೆದ್ದಿದ್ದ ಐರ್ಲೆಂಡಿನ ಕೇಟೀ ಟೇಲರಳನ್ನು ಸೋಲಿಸಿ ಕಂಚು ಪಡೆದಳು; 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ನಲವತ್ತರ ವಯಸ್ಸಿನಲ್ಲಿ ಮತ್ತೊಂದು ಕಂಚು. ಮಕ್ಕಳಾದ ಮೇಲೆ ಹೆಣ್ಣಿನ ಮೈ ಮುಗಿಯಿತೆಂದು ತಿಳಿಯುವವರು ಇವಳ ಹೆಸರನ್ನು ಬರೆದಿಟ್ಟುಕೊಳ್ಳಲಿ.

ಮಧ್ಯಮ ತೂಕದಲ್ಲಿ ನಮ್ಮ ದೇಶದ ಹೆಣ್ಣುಮಗಳೊಬ್ಬಳೂ ಉಂಟು. ಅಸ್ಸಾಮಿನ ಗೋಲಾಘಾಟ್ ಜಿಲ್ಲೆಯ ಹಳ್ಳಿಯವಳಾದ ಲವ್ಲೀನಾ ಬೊರ್ಗೊಹೈನ್ ಟೋಕಿಯೋದಲ್ಲಿ 69 ಕಿಲೋ ವರ್ಗದ ಕಂಚನ್ನು ಗಳಿಸಿದಳು. ಆದರೆ ಮುಂದಿನ ಪ್ಯಾರಿಸ್ ಕೂಟಕ್ಕೆ ಆ ವರ್ಗವೇ ಇಲ್ಲವಾಯಿತು. ಇದ್ದದ್ದು 66, ಇಲ್ಲವೆ 75. ಮೂರು ಕಿಲೋ ಇಳಿಯಬೇಕು, ಇಲ್ಲವೆ ತನಗಿಂತ ಭಾರಿಯಾದವರ ನಡುವೆ ನಿಲ್ಲಬೇಕು. ಅವಳು ಮೇಲಕ್ಕೇ ಹೋದಳು. 2023ರಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾದ ಕೇಟ್ಲಿನ್ ಪಾರ್ಕರಳನ್ನು ಸೋಲಿಸಿ 75 ಕಿಲೋ ವರ್ಗದ ವಿಶ್ವವಿಜಯಿಯಾದಳು. 2024ರಲ್ಲಿ ಪ್ಯಾರಿಸ್‌ನಲ್ಲಿ ಚೀನಾದ ಲೀ ಚಿಯಾನಳ ಎದುರು ಕ್ವಾರ್ಟರ್ ಫೈನಲಿನಲ್ಲಿಯೇ ಸೋತಳು. ಆ ಲೀಯೇ ಚಿನ್ನ ಗೆದ್ದವಳು.

ಹಾಗಾದರೆ ಮಗಳು ಕಲಿಯುವೆನೆಂದರೆ ಏನು ಮಾಡತಕ್ಕದ್ದು? ಬೇಡವೆಂದು ಬಾಗಿಲು ಹಾಕುವುದಕ್ಕೆ ಬದಲಾಗಿ ಕಲಿಸುವ ಸ್ಥಳಕ್ಕೆ ತಂದೆತಾಯಿಗಳೇ ಒಮ್ಮೆ ಹೋಗಿ ನೋಡಬೇಕೆಂದು ನಾವು ಹೇಳುವೆವು. ಮೊದಲ ತಿಂಗಳುಗಳಲ್ಲಿ ಅಲ್ಲಿ ಹೊಡೆದಾಟವೇ ಇರಕೂಡದು. ಹಗ್ಗದಾಟ, ಓಟ, ಕಾಲಿನ ಹೆಜ್ಜೆ, ಚೀಲಕ್ಕೆ ಹೊಡೆಯುವುದು, ಇಷ್ಟೇ ಇರಬೇಕು. ಎದುರಾಳಿಯನ್ನು ಕೊಡುವಾಗ ತೂಕ, ವಯಸ್ಸು, ಕಲಿತ ಕಾಲ ಮೂರನ್ನೂ ನೋಡುವರೇ ಎಂದು ಕೇಳಬೇಕು. ಹಲ್ಲಿನ ಕಾಪು, ತಲೆಗವುಸು ಇಲ್ಲದೆ ಇಳಿಸುವರೆಂದು ಕಂಡರೆ ಆ ದಿನವೇ ಮಗಳನ್ನು ಮನೆಗೆ ಕರೆದುಕೊಂಡು ಬರುವುದು ಲೇಸು. ಪಂದ್ಯಕ್ಕೆ ಮೊದಲು ವೈದ್ಯರು ಪರೀಕ್ಷಿಸಬೇಕು. ತೂಕ ಹೊಂದಿಸುವುದಕ್ಕಾಗಿ ಬೆಳೆಯುವ ಹುಡುಗಿಯನ್ನು ಉಪವಾಸವಿಡುವವರನ್ನೂ, ನೀರು ಕುಡಿಯಬೇಡವೆನ್ನುವವರನ್ನೂ ನಂಬಕೂಡದು. ತಲೆಯ ಪೆಟ್ಟಿನಿಂದ ಬಿದ್ದು ಎಣಿಕೆ ಮುಗಿದವರು ಕಡೆಗೆ ಮೂವತ್ತು ದಿನ ಕಣಕ್ಕೆ ಇಳಿಯಕೂಡದೆಂದೂ, ಮೂರು ತಿಂಗಳೊಳಗೆ ಎರಡು ಸಲ ಹಾಗಾದರೆ ತೊಂಬತ್ತು ದಿನವೆಂದೂ, ವರ್ಷದಲ್ಲಿ ಮೂರು ಸಲವಾದರೆ ಒಂದು ವರ್ಷವೆಂದೂ ಅಂತರರಾಷ್ಟ್ರೀಯ ನಿಯಮವಿದ್ದಿತು. ಅಭ್ಯಾಸದಲ್ಲಿ ಬಿದ್ದ ಪೆಟ್ಟನ್ನೂ ಮನೆಯವರು ಇದೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ಪೆಟ್ಟು ಬಿದ್ದ ದಿನ ತಲೆನೋವು, ವಾಂತಿ, ಮರೆವು, ಕಣ್ಣು ಮಂಜಾಗುವುದು ಇವುಗಳಲ್ಲಿ ಒಂದು ಕಂಡರೂ ಉಸ್ತಾದರ ಎಣ್ಣೆಗಾಗಿ ಕಾಯದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.